ಬತ್ತೀನಿ ಅಂದವರ ಲೆಕ್ಕ

ಹೋದ ವಾರ ಅಬ್ಬಾನ ಜೊತೆ ಒಂದು ನಲ್ಲಿ ಕೊಳ್ಳಲು ತರೀಕೆರೆ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಹಿಂದಿನ ಕಪಾಟಿನಿಂದ ಏನನ್ನೋ ಎಳೆಯುವಾಗ ರಟ್ಟಿನ ಪೆಟ್ಟಿಗೆಯೊಂದು ಕೆಳಗೆ ಬಿದ್ದು ಬಾಯಿ ತೆರೆಯಿತು. ಒಳಗೆ ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸ್, ಅದಕ್ಕೆ ಮೆತ್ತಿದ ಬಿಳಿ ಪುಡಿ. ಆ ವಾಸನೆ ಮೂಗಿಗೆ ತಾಗಿತು. ಅಬ್ಬಾ ಹಿತ್ತಾಳೆಯದು ಇರಲೋ ಸ್ಟೀಲಿನದು ಇರಲೋ ಎಂದು ಕೇಳುತ್ತಿದ್ದರು. ನಾನಾಗಲೇ ಕಡೂರಿನ ಒಂದು ಗೋಡೌನಿನ ಮೂಲೆಯಲ್ಲಿ, ಕಪ್ಪು ಪರದೆಯ ಮುಂದೆ ಕೂತಿದ್ದೆ. ಅಲ್ಲಿ ಮಧ್ಯಾಹ್ನ ಎರಡೂವರೆ ಆಗಿತ್ತು.

ಬಿ.ಸಿ.ಎ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಕರೆಂಟ್ ಕಂಬ ನಿಲ್ಲಿಸುವ, ತಂತಿ ಎಳೆಯುವ ಗುತ್ತಿಗೆದಾರರೊಬ್ಬರ ಕಚೇರಿ. ಕಚೇರಿ ಅಂದರೆ ಗೋಡೌನಿಗೆ ಪ್ಲೈವುಡ್ ಅಡ್ಡ ನಿಲ್ಲಿಸಿ ಮಾಡಿದ ಜಾಗ. ನನ್ನ ಮೇಜಿನ ಪಕ್ಕದಲ್ಲೇ ಗ್ಲೌಸಿನ ಪೆಟ್ಟಿಗೆಗಳು, ಪಿಂಗಾಣಿ ಇನ್ಸುಲೇಟರುಗಳು, ಸುತ್ತಿಟ್ಟ ಅಲ್ಯೂಮಿನಿಯಂ ತಂತಿ. ನನ್ನ ಕೆಲಸ ಒಂದು ಚಾಟ್ ಆ್ಯಪ್ ನೋಡಿಕೊಳ್ಳುವುದು. ಎಲ್ಲರೂ ಬಳಸುವ ಆ್ಯಪಿನಲ್ಲಿ ಲಗ್ನಪತ್ರಿಕೆ, ಜೋಕುಗಳ ನಡುವೆ ಕೆಲಸದ ಮಾತು ಕಳೆದುಹೋಗುತ್ತದೆ ಎಂದು ಮಾಲೀಕರು ಕಂಪನಿಗೇ ಬೇರೆಯದನ್ನು ಹಾಕಿಸಿದ್ದರು. ಅದರ ಸರ್ವರ್ ನನ್ನ ಕಾಲ ಬಳಿ ಗುಂಯ್ ಅನ್ನುತ್ತ ಕೂತಿರುತ್ತಿತ್ತು.

ಮೂರು ತಂಡಗಳಿಗೆ ಮೂರು ಗುಂಪು. ನಾಲ್ಕನೆಯದರ ಹೆಸರು 'ಕಂಬ'. ಅದರಲ್ಲಿ ಎರಡೇ ಮಾತು ಇರಬೇಕೆಂದು ನಿಯಮ: ಕಂಬ ಹತ್ತುವ ಮೊದಲು 'ಹತ್ತಿದೆ', ಇಳಿದ ಮೇಲೆ 'ಇಳಿದೆ'. ಎಲ್ಲರೂ ಇಳಿದದ್ದು ಖಾತ್ರಿಯಾದ ಮೇಲೆ ನಮ್ಮ ಸೂಪರ್‌ವೈಸರ್ ಗಿರೀಶ್ ಸರ್ ಸಬ್‌ಸ್ಟೇಷನ್ನಿಗೆ ಲೈನ್ ವಾಪಸ್ ಕೊಡುತ್ತಿದ್ದರು. ಅಲ್ಲಿಯವರು ಕರೆಂಟ್ ಬಿಡುತ್ತಿದ್ದರು. ಇದನ್ನು ಬರೆದು, ಸಹಿ ಹಾಕಿ ಕೊಡಬೇಕು. ಆದರೆ ಆ ವರ್ಷದ ಭರಣಿ ಮಳೆಯ ದಿನಗಳಲ್ಲಿ ಅದು ಎಷ್ಟೋ ಸಲ ಫೋನಿನಲ್ಲೇ ಮುಗಿಯುತ್ತಿತ್ತು.

ಇನ್ನೊಂದು ಕೆಲಸವಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಮಾಲೀಕರಿಗೆ, ಯಾರು ಎಷ್ಟು ಚಟುವಟಿಕೆಯಿಂದ ಆ್ಯಪ್ ಬಳಸಿದರು ಎಂಬ ವರದಿ ಹೋಗಬೇಕು. ಆ್ಯಪಿನ ಒಳಗೆ ಅದನ್ನು ನೋಡುವ ಬಟನ್ ಇರಲಿಲ್ಲ. ಸರ್ವರಿನ ಕಪ್ಪು ಪರದೆ ತೆರೆದು, ಒಂದು ಸಾಲು ಕಮಾಂಡ್ ಹೊಡೆದು, ಎಷ್ಟು ದಿನದ್ದು ಬೇಕೆಂದು ಹೇಳಿ ಎಂಟರ್ ಒತ್ತಿದರೆ ಸಾಲು ಸಾಲಾಗಿ ಇಳಿಯುತ್ತಿತ್ತು: ಹೆಸರು, ಹಾಕಿದ ಮೆಸೇಜುಗಳ ಸಂಖ್ಯೆ, ಕೊನೆಯ ಸಲ ಆನ್‌ಲೈನ್ ಇದ್ದ ಹೊತ್ತು. ಕಾಲೇಜಿನಲ್ಲಿ ಕಲಿತ ವಿದ್ಯೆಯಲ್ಲಿ ಆ ಕಚೇರಿಗೆ ಉಪಯೋಗಕ್ಕೆ ಬಂದದ್ದು ಇಷ್ಟೇ ಇರಬೇಕು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಮೇಲಿಂದ ಕೆಳಕ್ಕೆ ಜೋಡಿಸಿ ಕಳಿಸುತ್ತಿದ್ದೆ. ಮಾಲೀಕರು ಸೋಮವಾರದ ಸಭೆಗೆ ಫೋನಿನ ಸ್ಪೀಕರಿನಲ್ಲಿ ಬಂದು ಎಲ್ಲರ ಮುಂದೆ ಕೆಳಗಿನ ಐದು ಹೆಸರನ್ನು ಓದುತ್ತಿದ್ದರು. ಲೈನ್‌ಮನ್‌ಗಳು ಅದಕ್ಕೆ 'ಸತ್ತೋರ ಪಟ್ಟಿ' ಅಂತ ಹೆಸರಿಟ್ಟಿದ್ದರು. ಎಲ್ಲರಿಗಿಂತ ಹಿರಿಯರಾದ ಜಯಣ್ಣ ಸೋಮವಾರ ಒಳಗೆ ಬರುವಾಗಲೇ, "ಶಬಾನಮ್ಮ, ಈ ವಾರ ನಾನ್ ಬದ್ಕಿದೀನಾ ನೋಡವ್ವ" ಅನ್ನುತ್ತಿದ್ದರು.

ಆ ಪಟ್ಟಿಯಲ್ಲಿ ಯಾವಾಗಲೂ ಕೊನೆಯಲ್ಲಿರುತ್ತಿದ್ದವರು ತಿಪ್ಪೇಶಣ್ಣ. ಬುಕ್ಕಾಂಬುಧಿ ಕಡೆಯವರು, ನಲವತ್ತರ ಹತ್ತಿರದ ವಯಸ್ಸು, ಅಜ್ಜಂಪುರ ತಂಡ. ಮಾತು ಕಡಿಮೆ. ಅವರು ಕಂಬ ಹತ್ತುವುದನ್ನು ನೋಡಿದವರು ಆ ಮನುಷ್ಯನಿಗೆ ನೆಲದ ಮೇಲೆ ನಡೆಯುವುದೇ ಕಷ್ಟ ಅನ್ನುತ್ತಿದ್ದರು. 'ಹತ್ತಿದೆ', 'ಇಳಿದೆ' ಬಿಟ್ಟರೆ ಅವರಿಂದ ಒಂದಕ್ಷರ ಬರುತ್ತಿರಲಿಲ್ಲ. ಮೂರು ಸೋಮವಾರ ಸತತವಾಗಿ ಅವರ ಹೆಸರು ಓದಿದರು. ಮೂರನೆಯ ಸಲ ಮಾಲೀಕರು, ಈ ತಿಪ್ಪೇಶ್ ಅನ್ನುವವರು ಕೆಲಸಕ್ಕೆ ಬರುತ್ತಿದ್ದಾರೋ ಇಲ್ಲವೋ ಎಂದು ಕೇಳಿದರು. ತಿಪ್ಪೇಶಣ್ಣ ಅಲ್ಲೇ ನಿಂತಿದ್ದರು. ಹಿಂದಿನ ದಿನ ಗಾಳಿಗೆ ಬಿದ್ದ ಒಂಬತ್ತು ಕಂಬದ ಕೆಲಸ ಮಾಡಿ ಬಂದಿದ್ದ ಅವರ ಅಂಗೈ ಸುಲಿದಿತ್ತು.

ಸಭೆ ಮುಗಿದ ಮೇಲೆ ಅವರು ನನ್ನ ಮೇಜಿನ ಹತ್ತಿರ ಬಂದರು. ಕಂಬ ಹತ್ತೋಕೆ ನನಗೆ ಎರಡು ನಿಮಿಷ, ಈ ಅಕ್ಷರ ಹುಡುಕೋಕೆ ಹತ್ತು ನಿಮಿಷ, ಏನು ಮಾಡಲಿ ತಾಯಿ ಎಂದು ಕೇಳಿದರು. ನನಗೆ ನಿಜವಾಗಿ ಸಂಕಟವಾಯಿತು. ಅವರ ಫೋನ್ ಇಸಕೊಂಡು, ಒಂದೇ ಸಲ ಒತ್ತಿದರೆ ಪೂರ್ತಿ ಪದ ಹೋಗುವ ಹಾಗೆ ಮೂರು ಪದಗಳನ್ನು ಇಟ್ಟುಕೊಟ್ಟೆ. ಎರಡು ನಿಯಮದವು. ಮೂರನೆಯದು ಏನಿರಲಿ ಎಂದು ಯೋಚಿಸಿ, ಒಂದು ಕಂಬದಿಂದ ಮುಂದಿನದಕ್ಕೆ ಹೊರಡುವಾಗ ಅದೇ ಗುಂಪಿನಲ್ಲಿ ಒತ್ತಲಿ ಎಂದು 'ಬತ್ತೀನಿ' ಅಂತ ಇಟ್ಟೆ.

"ಏನಾದ್ರೂ ಹಾಕಿ ಅಣ್ಣ, ಬರೀ ಬತ್ತೀನಿ ಅಂತ ಹಾಕಿದ್ರೂ ಲೆಕ್ಕಕ್ಕೆ ಬರುತ್ತೆ. ಕಂಪ್ಯೂಟರಿಗೆ ಅರ್ಥ ಬೇಕಿಲ್ಲ."

ಆ ಕೊನೆಯ ಮಾತನ್ನು ನಾನು ನಗುತ್ತ ಹೇಳಿದೆ.

ಬತ್ತೀನಿ ಅನ್ನುವುದರಲ್ಲಿ ಯಾರೂ ತಪ್ಪು ಹುಡುಕುವಂತಿಲ್ಲ. ನಮ್ಮ ಸೀಮೆಯಲ್ಲಿ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ. ನಮ್ಮ ಮನೆಯ ದಖ್ಖನಿಯಲ್ಲೂ ಹಾಗೇ. ಹೋಗ್ತೀನಿ ಅಂದು ಹೊಸ್ತಿಲು ದಾಟಿದರೆ ಅಮ್ಮಿ ವಾಪಸ್ ಕರೆದು ಇನ್ನೊಂದು ಸಲ ಸರಿಯಾಗಿ ಹೇಳಿಸುತ್ತಿದ್ದರು. ಹೊರಡುವವನ 'ಬತ್ತೀನಿ'ಗೂ ಬರುತ್ತಿರುವವನ 'ಬತ್ತೀನಿ'ಗೂ ಇರುವ ವ್ಯತ್ಯಾಸ ಮುಖ ನೋಡಿದರೆ ತಿಳಿಯುತ್ತದೆ. ಅವನ ಬೆನ್ನು ನಮ್ಮ ಕಡೆಗಿದೆಯೋ ಎದೆ ನಮ್ಮ ಕಡೆಗಿದೆಯೋ, ಅಷ್ಟೇ. ಪರದೆಯ ಮೇಲೆ ಬೆನ್ನೂ ಇಲ್ಲ, ಎದೆಯೂ ಇಲ್ಲ.

ಆ ವರ್ಷ ಭರಣಿ ಮಳೆ ನೀರಿಗಿಂತ ಹೆಚ್ಚು ಗಾಳಿ ತಂದಿತು. ಮಧ್ಯಾಹ್ನದವರೆಗೆ ಕೆಂಡದಂಥ ಬಿಸಿಲು, ಮೂರರ ಮೇಲೆ ಮೂಡಲಿಂದ ಮಣ್ಣುಬಣ್ಣದ ಮೋಡ, ಆಮೇಲೆ ಹತ್ತೇ ನಿಮಿಷದ ಹುಚ್ಚು. ಹುಣಸೆ ಮರಗಳು ರಸ್ತೆಗಡ್ಡ ಬಿದ್ದವು. ಹಿರೇನಲ್ಲೂರಿನ ಕಡೆ ಬಯಲಿನಲ್ಲಿ ಕಂಬಗಳು ಸಾಲಾಗಿ ಒಂದೇ ದಿಕ್ಕಿಗೆ ಮಲಗಿದವು. ಮೂರೂ ತಂಡಗಳನ್ನು ಅಲ್ಲಿಗೆ ಕಳಿಸಿದರು. ಎಳ್ಳು ಬಿತ್ತಿದ ಹೊಲಗಳಲ್ಲಿ ಕಾಲಿಡಬೇಡಿ ಎಂದು ರೈತರು, ಬೋರ್‌ವೆಲ್ ನಿಂತು ಕುಡಿಯುವ ನೀರಿಲ್ಲ ಎಂದು ಅದೇ ರೈತರು, ಎರಡು ಮಾತೂ ಸರಿ. ಗಿರೀಶ್ ಸರ್ ಫೋನ್ ಕಿವಿಗೆ ಅಂಟಿಕೊಂಡೇ ಇರುತ್ತಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಆ ವಾರ ಅವರು ಊಟಕ್ಕೆ ಕೂತದ್ದನ್ನು ನಾನು ನೋಡಲಿಲ್ಲ.

ಆ ಶನಿವಾರ ತಿಪ್ಪೇಶಣ್ಣ, ಜಯಣ್ಣ ಇಬ್ಬರೂ ಒಂದು ಕೆರೆ ಏರಿಯ ಹತ್ತಿರ ಕೆಲಸ ಮಾಡುತ್ತಿದ್ದರು. ಏರಿ ದಾಟಿ ತಗ್ಗಿಗಿಳಿದರೆ ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕಂಬದ ಮೇಲೆ ತಿಪ್ಪೇಶಣ್ಣ, ಬುಡದಲ್ಲಿ ಜಯಣ್ಣ. ಉಳಿದ ತಂಡಗಳು ಎರಡು ಗಂಟೆಗೆಲ್ಲ ಮುಗಿಸಿ ತಮ್ಮ ಲಾರಿಯ ಹತ್ತಿರ ಸೇರಿದ್ದವು. ಗಿರೀಶ್ ಸರ್ ನನ್ನ ಹಿಂದಿನ ಮೇಜಿನ ಕಂಪ್ಯೂಟರಿನಲ್ಲಿ 'ಕಂಬ' ಗುಂಪು ತೆರೆದಿಟ್ಟುಕೊಂಡು ಒಬ್ಬೊಬ್ಬರ ಕೊನೆಯ ಮಾತನ್ನು ಬೆರಳಿಟ್ಟು ನೋಡುತ್ತಿದ್ದರು. ಸಬ್‌ಸ್ಟೇಷನ್ ಮುಂದೆ ಎರಡು ಊರಿನ ಜನ ಖಾಲಿ ಕೊಡಗಳನ್ನು ಹಿಡಿದು ಕೂತಿದ್ದಾರೆ ಎಂದು ಅಲ್ಲಿಂದ ಮೂರು ಸಲ ಫೋನ್ ಬಂದಿತ್ತು. ತಿಪ್ಪೇಶಣ್ಣನಿಗೂ ಜಯಣ್ಣನಿಗೂ ಸರ್ ಫೋನ್ ಮಾಡಿದರು. ಎರಡೂ ಹೋಗಲಿಲ್ಲ. ಪರದೆಯ ಮೇಲೆ ತಿಪ್ಪೇಶಣ್ಣನ ಕೊನೆಯ ಎರಡು ಮಾತು ಹೀಗಿದ್ದವು: 'ಇಳಿದೆ'. 'ಬತ್ತೀನಿ'.

ಸರ್ ಅದನ್ನು ಜೋರಾಗಿ ಓದಿದರು, ಇಳಿದಿದ್ದಾನೆ, ಬರ್ತಿದ್ದಾನೆ ಎಂದು ತಮಗೆ ತಾವೇ ಹೇಳಿಕೊಂಡರು. ಸಬ್‌ಸ್ಟೇಷನ್ನಿನ ನಂಬರ್ ಒತ್ತಿದರು.

ನಾನು ಆಗ ಸೋಮವಾರದ ವರದಿಯನ್ನು ಮೊದಲೇ ತೆಗೆದಿಡೋಣ ಎಂದು ಕಪ್ಪು ಪರದೆಯಲ್ಲಿದ್ದೆ. ಕಮಾಂಡ್ ಹೊಡೆದೆ. ಸಾಲುಗಳು ಇಳಿದವು. ಎಲ್ಲಕ್ಕಿಂತ ಮೇಲೆ ತಿಪ್ಪೇಶಣ್ಣನ ಹೆಸರಿತ್ತು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಏನೇನು ಹಾಕಿದ್ದಾರೆ ನೋಡೋಣ ಎಂದು ಅವರೊಬ್ಬರದ್ದೇ ಆ ದಿನದ ಮೆಸೇಜುಗಳನ್ನು ಹೊತ್ತಿನ ಜೊತೆಗೆ ತೆಗೆದೆ. ಹತ್ತಿದೆ, ಇಳಿದೆ, ಬತ್ತೀನಿ. ಹತ್ತಿದೆ, ಇಳಿದೆ, ಬತ್ತೀನಿ. ಬೆಳಿಗ್ಗೆಯಿಂದ ಒಂದೇ ಸಮ. ಪ್ರತಿ 'ಬತ್ತೀನಿ'ಯ ನಂತರ ಹತ್ತು ನಿಮಿಷದೊಳಗೆ ಒಂದು 'ಹತ್ತಿದೆ'. ಕೊನೆಯ 'ಬತ್ತೀನಿ' ಎರಡು ಗಂಟೆ ಏಳು ನಿಮಿಷಕ್ಕೆ. ಕೊನೆಯ ಸಲ ಆನ್‌ಲೈನ್ ಇದ್ದದ್ದು ಎರಡು ಗಂಟೆ ಒಂಬತ್ತಕ್ಕೆ. ಆಮೇಲೆ ಏನೂ ಇಲ್ಲ. ಗಡಿಯಾರದಲ್ಲಿ ಎರಡು ಗಂಟೆ ಮೂವತ್ತೊಂದು.

ಆ ಪಟ್ಟಿ ನನಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಈಗಲೂ ಎಣಿಸುತ್ತಿರುತ್ತೇನೆ. ಒಂದು ಉಸಿರು, ಎರಡು ಉಸಿರು. ತಿಪ್ಪೇಶಣ್ಣ ನಮ್ಮ ಕಡೆ ಬರುತ್ತಿರಲಿಲ್ಲ. ಮುಂದಿನ ಕಂಬಕ್ಕೆ ಹೊರಟಿದ್ದರು. ಏರಿ ದಾಟಿ ತಗ್ಗಿಗಿಳಿದಿದ್ದರು. ಅವರ 'ಹತ್ತಿದೆ' ಫೋನಿನಲ್ಲೇ ಸಿಕ್ಕಿಕೊಂಡಿತ್ತು, ಅವರು ಕಂಬದ ಮೇಲಿದ್ದರು.

ಹಿಂದೆ ಗಿರೀಶ್ ಸರ್ ಫೋನಿನಲ್ಲಿ, ನಮ್ಮವರೆಲ್ಲ ಇಳಿದಿದ್ದಾರೆ, ಲೈನ್ ವಾಪಸ್, ತಗೊಳ್ಳಿ ಅನ್ನುತ್ತಿದ್ದರು.

ನಾನು ಎದ್ದದ್ದು ನೆನಪಿಲ್ಲ. ಕುರ್ಚಿ ಬಿದ್ದ ಸದ್ದು ನೆನಪಿದೆ. ಫೋನನ್ನು ಅವರ ಕೈಯಿಂದ ಕಿತ್ತುಕೊಂಡೆ. "ಹಾಕ್ಬೇಡಿ ಸರ್, ಒಬ್ರು ಮೇಲಿದ್ದಾರೆ" ಅಂದೆ. ಆ ಕಡೆ ಯಾರೋ ವಯಸ್ಸಾದವರ ಉಸಿರು ಕೇಳಿಸಿತು. ಅವರ ಹಿಂದೆ ಕೊಡಗಳ ಸದ್ದು, ಹೆಂಗಸರ ಮಾತು.

"ಹಾಕ್ಬಿಟ್ಟೆ ಕಣಮ್ಮ," ಅಂದರು.

ಆಮೇಲೆ, ಬಹಳ ಮೆಲ್ಲಗೆ, "ನಿಲ್ಲಲಿಲ್ಲ. ಹಾಕಿದ್ ತಕ್ಷಣ ಟ್ರಿಪ್ ಆಯ್ತು."

ಹಾಕಿದ ಕರೆಂಟ್ ಹಾಗೆ ಟ್ರಿಪ್ ಆಗಿ ತಾನೇ ಕಡಿದುಹೋಗುವುದಕ್ಕೆ ಎರಡು ಕಾರಣಗಳಿರಬಹುದಿತ್ತು. ಕೆಲಸ ಮಾಡುವ ಕಡೆ ತಂತಿಯಿಂದ ನೆಲಕ್ಕೆ ಅರ್ತ್ ಸರಪಳಿ ಬಿಗಿದಿದ್ದರೆ ಹಾಗಾಗುತ್ತದೆ. ಬಂದ ಕರೆಂಟನ್ನು ಅದು ನೆಲಕ್ಕೆ ಎಳೆದುಬಿಡುತ್ತದೆ. ಸರಪಳಿ ಇಲ್ಲದಿದ್ದರೆ ಎಳೆದದ್ದು ಮನುಷ್ಯನ ಮೈ. ಬೇಗ ಮುಗಿಯಲಿ ಎಂದು ಆ ವಾರ ಎಷ್ಟೋ ಕಂಬಗಳಿಗೆ ಸರಪಳಿ ಬಿಗಿಯದೆಯೇ ಹತ್ತಿದ್ದರು ಎಂಬುದು ಸರ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕರೆಂಟ್ ಮತ್ತೆ ಹಾಕುವುದಿಲ್ಲ ಎಂದು ಸಬ್‌ಸ್ಟೇಷನ್ನಿನವರಿಂದ ಎರಡು ಸಲ ಹೇಳಿಸಿಕೊಂಡು ಸರ್ ಕಚೇರಿಯ ಜೀಪ್ ಹತ್ತಿದರು. ನಾನೂ ಹತ್ತಿದೆ, ಯಾರೂ ಬೇಡ ಅನ್ನಲಿಲ್ಲ. ಹಿರೇನಲ್ಲೂರು ರಸ್ತೆಯಲ್ಲಿ ಬಿದ್ದ ಹುಣಸೆ ಕೊಂಬೆಗಳನ್ನು ಇನ್ನೂ ಸರಿಸಿರಲಿಲ್ಲ. ಜೀಪ್ ಹೊಲಕ್ಕಿಳಿದು ಹತ್ತಬೇಕಾಯಿತು. ಮೂಡಲಲ್ಲಿ ಆ ಮಣ್ಣುಬಣ್ಣದ ಮೋಡ ಏಳುತ್ತಿತ್ತು. ಸರ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಜಯಣ್ಣನಿಗೆ ಫೋನ್ ಮಾಡುತ್ತಲೇ ಇದ್ದರು. ಪ್ರತಿ ಸಲವೂ ಆ ಹೆಣ್ಣುದನಿ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ನನ್ನ ಫೋನಿನಲ್ಲಿ ನಾನು 'ಕಂಬ' ಗುಂಪು ತೆರೆದು ಕೂತಿದ್ದೆ. ತಿಪ್ಪೇಶಣ್ಣನ ಹೆಸರಿನ ಪಕ್ಕದ ಚುಕ್ಕಿ ಬೂದು ಬಣ್ಣದಲ್ಲೇ ಇತ್ತು. ಅದು ಹಸಿರಾಗಲಿ ಎಂದು ನಾನು ಎಷ್ಟು ಬೇಡಿಕೊಂಡೆನೆಂದರೆ, ಓದು ಬರಹ ಕಲಿತ ಮೇಲೆ ಅಷ್ಟು ಆಸೆಯಿಂದ ಯಾವ ದುವಾವನ್ನೂ ಮಾಡಿರಲಿಲ್ಲ.

ಏರಿ ಹತ್ತುತ್ತಿದ್ದ ಹಾಗೆ ಚುಕ್ಕಿ ಹಸಿರಾಯಿತು. ಪರದೆಯ ಮೇಲೆ ಒಂದು ಮೆಸೇಜ್ ಬಂತು. 'ಹತ್ತಿದೆ'.

ಸರ್ ಅದನ್ನು ನೋಡಿದರು. ಜೀಪ್ ತಾನಾಗಿ ನಿಧಾನವಾಯಿತು. ಅದು ಮೊದಲೇ ಒತ್ತಿದ್ದು ಈಗ ಬಂದದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಫೋನ್ ನೆಟ್‌ವರ್ಕ್ ಇರುವ ಕಡೆಗೆ ಬಂದಿದೆ ಅಂದರೆ ಅದನ್ನು ಯಾರೋ ಹೊತ್ತು ತಂದಿದ್ದಾರೆ. ಯಾರು? ಏರಿಯ ಮೇಲೆ ಜಯಣ್ಣ ಒಬ್ಬರೇ ಬರುತ್ತಿದ್ದರು. ಅವರ ಕೈಯಲ್ಲಿ ತಿಪ್ಪೇಶಣ್ಣನ ಫೋನ್ ಇತ್ತು.

ನಾನು ಕಣ್ಣು ಮುಚ್ಚಿಕೊಂಡೆ. ಸರ್ ಇಳಿದು ಹೋದ ಸದ್ದು, ಆಮೇಲೆ ಜಯಣ್ಣನ ದನಿ. ಏದುಸಿರಿನಲ್ಲಿ ಅವರು ಬೈಯುತ್ತಿದ್ದರು. ನಾನು ಕೇಳಿದ ಬೈಗುಳಗಳಲ್ಲೇ ಚಂದದ ಬೈಗುಳ ಅದು. ಸತ್ತವನ ಹತ್ತಿರದಿಂದ ಬಂದವರು ಹಾಗೆ ಬೈಯುವುದಿಲ್ಲ.

ತಿಪ್ಪೇಶಣ್ಣ ಕಂಬದ ಬುಡದಲ್ಲಿ ಬೆನ್ನು ಕೊಟ್ಟು ಕೂತಿದ್ದರು. ಪಕ್ಕದ ಹೊಲದ ಇಬ್ಬರು ರೈತರು ನೀರು ಹಿಡಿದು ನಿಂತಿದ್ದರು. ಸರಪಳಿ ಬೇಡ, ಇದೊಂದೇ ಕಂಬ ಎಂದು ತಿಪ್ಪೇಶಣ್ಣ ಅಂದಿದ್ದರಂತೆ; ಬಿಗಿಯದೆ ಹತ್ತಿದರೆ ಕಾಲು ಹಿಡಿದು ಎಳೀತೀನಿ ಎಂದು ಜಯಣ್ಣ ಅಂದಿದ್ದರಂತೆ. ಸರಪಳಿಯ ಹತ್ತಿರ ಕಿಡಿ ಹಾರಿ ಸಿಡಿಲಿನಂಥ ಸದ್ದಾದಾಗ ತಿಪ್ಪೇಶಣ್ಣನ ಕಾಲು ಜಾರಿತ್ತು. ಸೊಂಟದ ಬೆಲ್ಟಿನಲ್ಲಿ ನೇತಾಡುತ್ತಿದ್ದವರನ್ನು ಮೂವರು ಸೇರಿ ಹಗ್ಗ ಕಟ್ಟಿ ಇಳಿಸಿದ್ದರು. ಬಲ ಭುಜ ಜಾರಿತ್ತು. ಅಂಗೈ ಸುಟ್ಟಿತ್ತು.

ಆಸ್ಪತ್ರೆಯ ಕಡೆಗೆ ಜೀಪಿನಲ್ಲಿ ಅರ್ಧ ದಾರಿ ಬಂದ ಮೇಲೆ ಅವರು ಕರೆಂಟ್ ಬಿಡಿಸಿದ್ದು ಯಾರು ಎಂದು ಕೇಳಿದರು. ಗಿರೀಶ್ ಸರ್ ರಸ್ತೆಯಿಂದ ಕಣ್ಣು ತೆಗೆಯದೆ, "ನೀನೇ ಬತ್ತೀನಿ ಅಂದ್ಯಲ್ಲಪ್ಪ" ಅಂದರು. ಆ ದನಿಯಲ್ಲಿ ಆರೋಪವಿರಲಿಲ್ಲ, ಬೇಡಿಕೆಯಿತ್ತು.

ತಿಪ್ಪೇಶಣ್ಣ ಕನ್ನಡಿಯಲ್ಲಿ ಅವರ ಮುಖ ನೋಡಿದರು. "ಹೊರಡೋವಾಗ ಹಂಗೇ ಅಲ್ವಾ ಸರ್ ಅನ್ನೋದು? ಕಂಬ ಹತ್ತೋಕೆ ಮುಂಚೆ ಹೋಗ್ತೀನಿ ಅಂತ ಹೆಂಗನ್ಲಿ?"

ಅದಕ್ಕೆ ಉತ್ತರ ನಾನು ಕೊಡಬೇಕಿತ್ತು. ಹಿಂದಿನ ಸೀಟಿನಲ್ಲಿ ಅವರ ಪಕ್ಕದಲ್ಲೇ ಕೂತು, ಅವರ ಭುಜ ಅಲುಗದ ಹಾಗೆ ನನ್ನ ದುಪಟ್ಟಾ ಮಡಿಸಿ ಒತ್ತಿ ಹಿಡಿದಿದ್ದೆ. ಆ ಪದವನ್ನು ಅವರ ಫೋನಿಗೆ ಇಟ್ಟದ್ದು ನಾನು ಅನ್ನಲಿಲ್ಲ. ಗಿರೀಶ್ ಸರ್ ಮುಂದೆ ಅನ್ನಲು ಹೆದರಿಕೆಯಾಯಿತು ಎಂದು ಆಗ ಅಂದುಕೊಂಡೆ. ಅವರೊಬ್ಬರ ಮುಂದೆ ಮಾತ್ರವಲ್ಲ, ಯಾರ ಮುಂದೆಯೂ ಅನ್ನಲು ನನಗೆ ಹೆದರಿಕೆಯಿತ್ತು.

ಸೋಮವಾರ ನಾನು ವರದಿ ಕಳಿಸಲಿಲ್ಲ. ಮಾಲೀಕರ ಫೋನ್ ಬಂದಾಗ ಸರ್ವರ್ ಕೆಟ್ಟಿದೆ ಎಂದು ಗಿರೀಶ್ ಸರ್ ಹೇಳಿದರು. ನನ್ನ ಮುಖ ನೋಡಲಿಲ್ಲ. ಅವತ್ತೇ 'ಕಂಬ' ಗುಂಪಿನಲ್ಲಿ ಎರಡು ಪದ ಬಿಟ್ಟು ಬೇರೇನು ಬರೆದರೂ ಹೋಗದ ಹಾಗೆ ಮಾಡಿದೆ. ಕೆಳಗೆ ನಿಂತವರ ಬಾಯಿಂದ ಕೇಳದೆ, ಬರೆದು ಸಹಿ ಹಾಕದೆ ಲೈನ್ ವಾಪಸ್ ಕೊಡುವುದನ್ನು ಸರ್ ನಿಲ್ಲಿಸಿದರು. ಇವನ್ನೆಲ್ಲ ಮಾಡಲು ಅರ್ಧ ದಿನ ಸಾಕಾಯಿತು. ಮೊದಲೇ ಮಾಡಿದ್ದರೂ ಅರ್ಧ ದಿನವೇ ಸಾಕಾಗುತ್ತಿತ್ತು. ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ನಾನು ಆ ಕೆಲಸ ಬಿಟ್ಟಿದ್ದೆ.

ಬಿಡುವ ಮೊದಲು ಒಂದು ಬುಧವಾರ ಅಜ್ಜಂಪುರಕ್ಕೆ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ತಿಪ್ಪೇಶಣ್ಣನ ಮನೆಗೆ ಹೋದೆ. ಜಗಲಿಯ ಮೇಲೆ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದರು. ಅವರ ಹೆಂಡತಿ ಶಾರದಕ್ಕ ಅವರೆಕಾಳು ಆರಿಸುತ್ತಿದ್ದರು. ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಏನು ಹೇಳಬೇಕೆಂದು ಬಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡು ಹೋಗಿದ್ದೆ. ಅವರನ್ನು ನೋಡಿದ ಮೇಲೆ ಮಜ್ಜಿಗೆ ಚೆನ್ನಾಗಿದೆ ಅಂದೆ.

ತಿಪ್ಪೇಶಣ್ಣನೇ ಮಾತು ತೆಗೆದರು. "ಅದ್ ಸರಿ ತಾಯಿ, ಆ ವಾರ ನಾನ್ ಎಷ್ಟನೇಯವ್ನು?"

"ಮೊದಲನೆಯವರು ಅಣ್ಣ."

ಶಾರದಕ್ಕ ತಲೆ ಎತ್ತಿದರು. ಮೊದಲನೆಯವರು ಅಂದರೆ ಏನು ಎಂದು ಕೇಳಿದರು. ಆ್ಯಪಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದ್ದಾರೆ ಎಂದು ವಿವರಿಸಿದೆ.

"ಇವ್ರಾ? ಮನೇಲಿ ದಿನಕ್ಕೆ ಎರಡ್ ಮಾತಾಡಿದ್ರೆ ಹೆಚ್ಚು."

ತಿಪ್ಪೇಶಣ್ಣನಿಗೆ ನಗು ಬಂತು. ನಕ್ಕಾಗ ಭುಜ ಹಿಡಿದುಕೊಂಡಿತು. ನೋವಿಗೆ ಮುಖವೆಲ್ಲ ಮುದುರಿ, ಕಣ್ಣಲ್ಲಿ ನೀರು ಬಂದು, ಆದರೂ ನಗುತ್ತಲೇ ಇದ್ದರು. ಶಾರದಕ್ಕ ಮೊರ ಬದಿಗಿಟ್ಟು ಎದ್ದು, ಅವರ ಬೆನ್ನ ಹಿಂದೆ ನಿಂತು, ಎರಡೂ ಕೈಯಿಂದ ಆ ಭುಜವನ್ನು ಹಿಡಿದುಕೊಂಡರು.

ನೋವು ಇಳಿದ ಮೇಲೆ ಹೇಳಿದೆ. "ಬತ್ತೀನಿ ಅಂತ ಹಾಕಿ ಅಂದಿದ್ದು ನಾನು, ಅಕ್ಕ. ಫೋನಿಗೆ ಅದನ್ನ ಇಟ್ಕೊಟ್ಟಿದ್ದೂ ನಾನೇ."

ಶಾರದಕ್ಕ ಗಂಡನ ಭುಜದಿಂದ ಕೈ ತೆಗೆಯಲಿಲ್ಲ.

"ಗೊತ್ತು ಕಣವ್ವ," ಅಂದರು. "ಆ ಸೋಮವಾರ ಮನೆಗ್ ಬಂದೋರೇ ಹೇಳಿದ್ರು, ಆಫೀಸಿನ್ ಹುಡ್ಗಿ ಒಳ್ಳೇ ಉಪಾಯ ಹೇಳ್ಕೊಟ್ಲು, ಇನ್ಮೇಲೆ ನನ್ ಹೆಸರು ಓದಲ್ಲ ಅಂತ. ಅವತ್ತು ಸರಿಯಾಗ್ ಉಂಡ್ರು."

ಅದರಲ್ಲಿ ದೂರಿನ ಎಳೆಯೂ ಇರಲಿಲ್ಲ. ಇದ್ದಿದ್ದರೆ ಅಲ್ಲಿಂದ ಎದ್ದು ಬರುವುದು ನನಗೆ ಸುಲಭವಾಗುತ್ತಿತ್ತು.